ಕೋವಿಯ ಹೊಳಪು ನಮ್ಮದು, ನಂಬರು ಸರ್ಕಾರದ್ದು

ತಾಂಬರಂನಿಂದ ಮತ್ತೊಂದು ಮಾತುಕತೆ. ವಿಡಿಯೋ ನೋಡೋಕೆ ಪುರಸೊತ್ತಿಲ್ಲ, ಲೋಕಲ್ ಟ್ರೈನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನೋರಿಗೆ ಎಂದಿನಂತೆ ಇದು ಬರಹರೂಪ. ಮಾತಿನ ಧಾಟಿ ಹಾಗೇ ಇಟ್ಟಿದ್ದೇನೆ, ಇಸವಿ ಮತ್ತು ಕಾನೂನಿನ ವಿವರ ಮಾತ್ರ ಸ್ವಲ್ಪ ಜಾಸ್ತಿ ಸೇರಿಸಿದ್ದೇನೆ.

ಈ ಸಲದ ವಿಷಯ ನಮ್ಮ ಟೀಮಿನ ಒಬ್ಬ ಹುಡುಗ ಕೇಳಿದ ಪ್ರಶ್ನೆ. ಅಮೆರಿಕದ ಗ್ಯಾರೇಜ್ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಇನ್ನೂರು ಡಾಲರ್ ಆಸುಪಾಸಿನ ಅಗ್ಗದ ಪಿಸ್ತೂಲು ತರ್ತಾರೆ. ಬಿಚ್ಚಿ ಮೇಜಿನ ಮೇಲೆ ಹರಡ್ತಾರೆ, ಉಜ್ಜುತ್ತಾರೆ, ಹೊಸ ಬಣ್ಣ ಕೊಡ್ತಾರೆ, ಹಿಡಿಗೆ ಮರದ ಪಟ್ಟಿ ಕೂರಿಸ್ತಾರೆ. ನಮ್ಮಲ್ಲಿ ಹಳೇ ಬೈಕನ್ನ ಕೆಫೆ ರೇಸರ್ ಮಾಡ್ತಾರಲ್ಲ, ಅದೇ ಖುಷಿ, ಅದೇ ಶನಿವಾರದ ಮಧ್ಯಾಹ್ನ. "ಗುರೂ, ಇದನ್ನ ಇಲ್ಲಿ ಮಾಡೋಕಾಗುತ್ತಾ?" ಅಂತ ಅವನ ಪ್ರಶ್ನೆ.

ಚಿಕ್ಕ ಉತ್ತರ: ಆಗಲ್ಲ. ಯಾಕೆ ಆಗಲ್ಲ ಅನ್ನೋ ಉತ್ತರ ಮಾತ್ರ ಇನ್ನೂರು ವರ್ಷಕ್ಕಿಂತ ಉದ್ದ ಇದೆ. ಅದು ಶ್ರೀರಂಗಪಟ್ಟಣದಲ್ಲಿ ಶುರುವಾಗಿ, ಮದರಾಸಿನ ಕೋಟೆ ಸುತ್ತಿ, ಕೊಡಗಿನ ಐನ್‌ಮನೆಗಳನ್ನ ಹಾದು, ನಮ್ಮಲ್ಲಿ ಎಷ್ಟೋ ಜನರ ಊರಿನ ಮನೆಯ ಬಾಗಿಲ ಹಿಂದಿನ ಮೂಲೆಗೆ ಬಂದು ನಿಲ್ಲುತ್ತೆ. ಆ ಮೂಲೆಯಲ್ಲಿ ಏನಿದೆ ಅಂತ ಮಲೆನಾಡಿನವರಿಗೆ, ಕೊಡಗಿನವರಿಗೆ, ಸುಳ್ಯ–ಪುತ್ತೂರು ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಮೊದಲು ಲೋಹದ ವಿಷಯ

ಆಯುಧದ ಹೊಳಪು ಅಂದರೆ ಬರೀ ಚಂದಕ್ಕಲ್ಲ. ಉಕ್ಕಿಗೆ ತುಕ್ಕು ಹಿಡಿಯುತ್ತೆ. ಕೆಂಪು ತುಕ್ಕು ಪುಡಿಪುಡಿ, ಉದುರುತ್ತೆ, ಉದುರಿದ ಜಾಗದಲ್ಲಿ ಮತ್ತೆ ಹೊಸ ತುಕ್ಕು. ಆದರೆ ಅದೇ ಕಬ್ಬಿಣದ ಇನ್ನೊಂದು ಆಕ್ಸೈಡ್ ಇದೆ, ಕಪ್ಪು ಬಣ್ಣದ್ದು. ಅದು ಲೋಹಕ್ಕೆ ಅಂಟಿಕೊಂಡು ಕೂರುತ್ತೆ, ಎಣ್ಣೆ ಹಿಡಿದಿಟ್ಟುಕೊಳ್ಳುತ್ತೆ. ಹಳೇ ಕೋವಿಗಳ ನಳಿಗೆಯ ಮೇಲಿನ ಕಂದು ಅಥವಾ ನೀಲಿಗಪ್ಪು ಬಣ್ಣ ಪೇಂಟ್ ಅಲ್ಲ. ಬೇಕಂತಲೇ ಹಿಡಿಸಿ ಹದದಲ್ಲಿಟ್ಟ ತುಕ್ಕು ಅದು. ಹಾಳುಮಾಡೋ ತುಕ್ಕನ್ನ ಕಾಯೋ ತುಕ್ಕಿನಿಂದ ತಡೆಯೋ ಉಪಾಯ.

ಅಮೆರಿಕದ ಆ ಅಗ್ಗದ ಪಿಸ್ತೂಲುಗಳಲ್ಲಿ ಒಂದು ತಮಾಷೆ ಇದೆ. ಬೆಲೆ ಇಳಿಸೋಕೆ ಅವುಗಳಲ್ಲಿ ಹಲವದರ ಮೇಲ್ಭಾಗವನ್ನ ಉಕ್ಕಿನ ಬದಲು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿರ್ತಾರೆ. ಸತುವಿಗೆ ಉಕ್ಕಿನ ನೀಲಿಗಪ್ಪು ಹತ್ತಲ್ಲ. ಹಾಗಾಗಿ ಮೇಲೆ ಬಣ್ಣದ ಲೇಪ, ಆ ಲೇಪ ಬೇಗ ಸವೆಯುತ್ತೆ, ಅದಕ್ಕೇ ಇಷ್ಟೊಂದು ಜನ ಗ್ಯಾರೇಜಲ್ಲಿ ಕೂತು ಮತ್ತೆ ಬಣ್ಣ ಕೊಡೋದು.

ಸತುವಿಗೆ ಕಪ್ಪು ಬಣ್ಣ ಹಿಡಿಸೋ ವಿದ್ಯೆ ನಮ್ಮ ಬೀದರಿನಲ್ಲಿ ಶತಮಾನಗಳಿಂದ ಇದೆ. ಬಿದರಿ ಕೆಲಸದ ಲೋಹ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಅದರಲ್ಲಿ ಗೆರೆ ಕೊರೆದು ಬೆಳ್ಳಿ ತುಂಬಿ, ಬೀದರ ಕೋಟೆಯ ಮಣ್ಣನ್ನ ನವಸಾಗರದ ಜೊತೆ ಸೇರಿಸಿ ಕಾಯಿಸಿ ಹಚ್ಚಿದರೆ ಲೋಹ ಕಡುಗಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಆ ಅಮೆರಿಕನ್ ಪಿಸ್ತೂಲಿಗೂ ನಿಮ್ಮ ಮನೆ ಶೋಕೇಸಿನಲ್ಲಿರೋ ಬಿದರಿ ಹೂದಾನಿಗೂ ಲೋಹದಲ್ಲಿ ದೂರದ ನೆಂಟಸ್ತಿಕೆ ಇದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಲೋಹಕ್ಕೆ ಹೊಳಪು ಕೊಡೋ ಕೈ ನಮ್ಮಲ್ಲಿ ಯಾವತ್ತೂ ಕಡಿಮೆ ಇರಲಿಲ್ಲ. ಪ್ರಶ್ನೆ ಬೇರೆ: ಆಯುಧದ ಮೇಲೆ ಕೈ ಇಡೋ ಹಕ್ಕು ಯಾರಿಗೆ? ಅದರ ಮೇಲೆ ಗುರುತು ಒತ್ತೋರು ಯಾರು?

ಶ್ರೀರಂಗಪಟ್ಟಣದ ಫೋರ್ಕ್

ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಆಮೇಲೆ 1799ರ ಮೇ 4ರವರೆಗೆ ಟಿಪ್ಪು ಸುಲ್ತಾನನ ಆಳ್ವಿಕೆ. ಈ ಹದಿನಾರು ಚಿಲ್ಲರೆ ವರ್ಷದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ ಬಂದೂಕು–ಪಿಸ್ತೂಲುಗಳನ್ನ ಇವತ್ತು ನೋಡಿದರೂ ಎಂಜಿನಿಯರಿಗೆ ಖುಷಿಯಾಗುತ್ತೆ.

ಯಂತ್ರ ನೋಡಿದರೆ ಯುರೋಪಿನದ್ದು. ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಹಾರಿ, ಮದ್ದಿಗೆ ಬೆಂಕಿ ಹತ್ತೋ ವ್ಯವಸ್ಥೆ. ಫ್ರೆಂಚ್ ಮತ್ತು ಇಂಗ್ಲಿಷ್ ಮಾದರಿಗಳನ್ನ ಕೂಲಂಕಷವಾಗಿ ನೋಡಿ ಮಾಡಿದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬೇರೆಯವರ ಕೋಡನ್ನ ಫೋರ್ಕ್ ಮಾಡಿದ್ದು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. ಸೈನ್ಯದ ಸಹಾಯ ಸಿಗಲಿಲ್ಲ, ಆದರೆ ಕುಶಲಕರ್ಮಿಗಳನ್ನ ಕರೆದುಕೊಂಡು ಬಂದರು. ಅಂದರೆ ಬರೀ ಮಾಲು ಬೇಡ, ಮಾಡೋ ವಿದ್ಯೆಯೂ ಬೇಕು ಅನ್ನೋದು ಸ್ಪಷ್ಟವಾಗಿತ್ತು.

ಹೊರಮೈಗೆ ಬಂದರೆ ಎಲ್ಲ ಮೈಸೂರಿನದ್ದು. ಚಕಮಕಿ ಕಚ್ಚಿಕೊಂಡಿರೋ ಕುದುರೆ ಕೆಲವು ಕೋವಿಗಳಲ್ಲಿ ಹುಲಿಯ ಆಕಾರ. ನಳಿಗೆಯ ಮೇಲೆ, ಹಿಡಿಯ ಮೇಲೆ, ಬೆಳ್ಳಿ ಪಟ್ಟಿಯ ಮೇಲೆ ಹುಲಿಪಟ್ಟೆ. ಈ ಪಟ್ಟೆ ಚಿತ್ತಾರಕ್ಕೆ ಬಬ್ರಿ ಅನ್ನೋ ಹೆಸರಿದೆ. ಕೆಲವು ಜೋಡಿ ಪಿಸ್ತೂಲುಗಳಲ್ಲಿ ಒಂದರ ಯಂತ್ರ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ. ಕನ್ನಡಿ ಹಿಡಿದ ಹಾಗೆ. ಯುರೋಪಿನ ಮಾದರಿಯನ್ನ ಸುಮ್ಮನೆ ನಕಲು ಮಾಡೋರು ಇಷ್ಟು ಕಷ್ಟಪಡಲ್ಲ. ಎಡಗೈ ಯಂತ್ರಕ್ಕೆ ಪ್ರತಿಯೊಂದು ಬಿಡಿಭಾಗವನ್ನೂ ತಿರುಗುಮುರುಗಾಗಿ ಹೊಸದಾಗಿ ಮಾಡಬೇಕು.

ನಳಿಗೆಯ ಮೇಲೆ ಸಣ್ಣ ಮುದ್ರೆಗಳು ಇರ್ತವೆ. ಒಂದರಲ್ಲಿ ಹೈದರ್ ಹೆಸರಿನ ಗುರುತು. ಇನ್ನೊಂದರಲ್ಲಿ ನಾಲ್ಕು ಮನೆಯ ಚೌಕ, ಒಳಗೆ 2, 4, 6, 8 ಅಂಕಿಗಳು. ಕಾಪಾಡೋ ತಾಯತದ ಹಾಗೆ. ಜೊತೆಗೆ ಮಾಡಿದವನ ಹೆಸರು, ಊರಿನ ಹೆಸರು "ಪಟ್ಟಣ", ತಾರೀಕು. ತಾರೀಕು ಹಿಜರಿ ಅಲ್ಲ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕದ್ದು, ಅಂಕಿಗಳನ್ನ ಬಲದಿಂದ ಎಡಕ್ಕೆ ಓದಬೇಕು. 1222 ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ 1794–95. ಎಂಡಿಯನ್ ತಿರುಗಿಸಿದ ಡೇಟಾ ಓದಿ ತಲೆ ಕೆಡಿಸಿಕೊಂಡವರಿಗೆ ಈ ಸಂಕಟ ಗೊತ್ತು.

ಈ ಕೆಲಸ ಮನೆಯ ಕೆಲಸ ಅಲ್ಲ, ರಾಜ್ಯದ ಕೆಲಸ. ಆಯುಧ ಯಾರ ಕೈಯಲ್ಲಿದ್ದರೂ ಅದು ಯಾರ ಸೊತ್ತು ಅಂತ ಹುಲಿಪಟ್ಟೆ ಹೇಳುತ್ತೆ. ಇದು ಬರೀ ರಾಜಧಾನಿಯ ಮಾತೂ ಅಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ನಗರದ ಹತ್ತಿರ ಹಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಯ ಯುದ್ಧರಾಕೆಟ್ಟುಗಳು ಸಿಕ್ಕವು. ಅಂಥವೇ 2002ರಲ್ಲೂ ಆ ಕಡೆ ಸಿಕ್ಕಿದ್ದವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದ ಕಡೆ ಹೋದವರು ವಿಚಾರಿಸಿ ನೋಡಿ. ಕಾಡಿನ ನಡುವಿನ ಒಂದು ಊರಿನಲ್ಲಿ ಸಾವಿರ ರಾಕೆಟ್ ದಾಸ್ತಾನು ಅಂದರೆ ಹಿಂದೆ ಎಷ್ಟು ಕಮ್ಮಾರರು, ಎಷ್ಟು ಇದ್ದಿಲು, ಎಷ್ಟು ಲೆಕ್ಕಪತ್ರ ಇರಬೇಕು ಯೋಚಿಸಿ.

ಹುಲಿಪಟ್ಟೆ ಹೋಗಿ ಹೃದಯದ ಮುದ್ರೆ

1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸನ ಸೈನ್ಯ ವೆಲ್ಲೂರಿನಿಂದ ಹೊರಟಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಕೋಟೆಯೊಳಗಿನ ಸೊತ್ತನ್ನ ಲೂಟಿಯ ಪಾಲು ಅಂತ ಹಂಚಿದರು. ಆಯುಧಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಹಡಗು ಹತ್ತಿದವು. ಗೆದ್ದವರಿಗೆ ಕಂಪನಿ ಒಂದು ಪದಕ ಹೊಡೆಸಿ ಕೊಟ್ಟಿತು, ಅದರಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನ ಕೆಡವಿಕೊಂಡಿರೋ ಚಿತ್ರ. ಗುರುತಿನ ಜಗಳ ಅಂದೆನಲ್ಲ, ಇದಕ್ಕಿಂತ ನೇರವಾಗಿ ಹೇಳೋಕಾಗಲ್ಲ.

ಆ ಆಯುಧಗಳ ಕತೆ ಇನ್ನೂ ಮುಗಿದಿಲ್ಲ. 2015ರ ಏಪ್ರಿಲ್ 21ರಂದು ಲಂಡನ್ನಿನ ಬಾನ್‌ಹಾಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ ಆಯುಧಗಳ ಒಂದೇ ಸಂಗ್ರಹ ಸುಮಾರು 60 ಲಕ್ಷ ಪೌಂಡಿಗೆ ಹೋಯಿತು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರಿನ ಒಂದು ಮನೆಯ ಅಟ್ಟದಲ್ಲಿ, ಹಳೇ ಪತ್ರಿಕೆಯಲ್ಲಿ ಸುತ್ತಿಟ್ಟ ಶ್ರೀರಂಗಪಟ್ಟಣದ ಆಯುಧಗಳು ಸಿಕ್ಕವು. ಅದರಲ್ಲಿ ಬೆಳ್ಳಿ ಕಟ್ಟಿನ ಒಂದು ಚಕಮಕಿ ಬಂದೂಕೂ ಇತ್ತು. ಅಟ್ಟದಲ್ಲಿ ಏನಿದೆ ಅಂತ ಮನೆಯವರಿಗೇ ಮರೆತುಹೋಗಿತ್ತು. ಈ ಮರೆವಿನ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ.

ಕಂಪನಿಯ ಸಿಪಾಯಿಗಳ ಕೈಗೆ ಬಂದ ಬಂದೂಕುಗಳ ಮೇಲೂ ಮುದ್ರೆ ಇತ್ತು: ನಾಲ್ಕು ಭಾಗ ಮಾಡಿದ ಹೃದಯದ ಆಕಾರ, ಒಳಗೆ ಕಂಪನಿಯ ಹೆಸರಿನ ಮೊದಲ ಅಕ್ಷರಗಳು. 1808ರ ನಂತರ ಅದರ ಜಾಗಕ್ಕೆ ಎದ್ದುನಿಂತ ಸಿಂಹ ಬಂತು. ನಮ್ಮ ತಾಂಬರಂ–ಬೀಚ್ ಲೋಕಲ್ ಇದೆಯಲ್ಲ, ಅದೇ ಗಾಡಿಯಲ್ಲಿ ಕೂತು ಫೋರ್ಟ್ ಸ್ಟೇಷನ್ನಿನಲ್ಲಿ ಇಳಿದರೆ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯ. ಎಗ್ಮೋರಿನಲ್ಲಿ ಇಳಿದರೆ 1851ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ. ಎರಡರಲ್ಲೂ ಆಯುಧಗಳಿವೆ. ಎಗ್ಮೋರಿಗೆ ತಂಜಾವೂರು ಅರಮನೆಯ ಆಯುಧಶಾಲೆಯಿಂದ ಬಂದವೂ ಇವೆ. ಒಂದು ಭಾನುವಾರ ಮಾಲ್ ಬಿಟ್ಟು ಅಲ್ಲಿಗೆ ಹೋಗಿ. ಸುಮ್ಮನೆ ನೋಡಬೇಡಿ, ಗುರುತು ಎಲ್ಲಿದೆ ಅಂತ ಹುಡುಕಿ.

1857ರ ನಂತರ ಹೆದರಿದ ಸರ್ಕಾರ ಆಯುಧ ಕಿತ್ತುಕೊಳ್ಳೋ ಕಾನೂನು ತಂತು. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದ ಆಯುಧ ಕಾಯ್ದೆ ಇಡೀ ದೇಶಕ್ಕೆ ಬಂತು. ಭಾರತೀಯರಿಗೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಈ ಭೇದವೇ ಜನರಿಗೆ ನೋವು ಕೊಟ್ಟದ್ದು. ಅಹಿಂಸೆಯ ಗಾಂಧೀಜಿಯೇ ಇದನ್ನ ಬ್ರಿಟಿಷರ ಕರಾಳ ಕೆಲಸಗಳ ಸಾಲಿಗೆ ಸೇರಿಸಿ ಬರೆದಿದ್ದಾರೆ.

ಇದರ ಹೊಡೆತ ಬಿದ್ದದ್ದು ಬರೀ ಕೋವಿ ಇಟ್ಟುಕೊಂಡವರಿಗಲ್ಲ, ಕೋವಿ ಮಾಡೋರಿಗೂ ಕೂಡ. ಕುಲುಮೆಯ ಮುಂದೆ ಕೂತು ನಳಿಗೆ ಬಡಿಯುತ್ತಿದ್ದ ಕಮ್ಮಾರನ ಕೆಲಸವೇ ಪರವಾನಗಿಯ ಕೆಲಸವಾಯಿತು. ಬಿಹಾರದ ಮುಂಗೇರ್ ನೋಡಿ. 1760ರ ದಶಕದಲ್ಲಿ ಬಂಗಾಳದ ನವಾಬ ಮೀರ್ ಖಾಸಿಂ ಅಲ್ಲಿ ಆಯುಧ ಕಾರ್ಖಾನೆ ಹಾಕಿದ. ಆ ಕಸುಬು ಊರಲ್ಲಿ ಉಳಿಯಿತು. ಇವತ್ತು ಒಂದು ಕಡೆ ಪರವಾನಗಿ ಇರೋ ಸಣ್ಣ ಕಾರ್ಖಾನೆಗಳು, ಇನ್ನೊಂದು ಕಡೆ ಪೊಲೀಸರು ಆಗಾಗ ದಾಳಿ ಮಾಡೋ ಕಳ್ಳ ಪಿಸ್ತೂಲಿನ ದಂಧೆ. ಶ್ರೀರಂಗಪಟ್ಟಣದ ಕಸುಬಿಗೆ ಆ ಎರಡನೇ ಬದುಕೂ ಸಿಗಲಿಲ್ಲ. ರಾಜ್ಯದ ಕೆಲಸವಾಗಿತ್ತು, ರಾಜ್ಯದ ಜೊತೆ ನಿಂತುಹೋಯಿತು.

ಕೊಡಗಿನ ತೋಕ್ ಪೂ

ಈಗ ಮೈಸೂರಿನಿಂದ ಪಶ್ಚಿಮಕ್ಕೆ ಬನ್ನಿ. ಟಿಪ್ಪು ಮತ್ತು ಕೊಡಗಿನ ನಡುವೆ ನಡೆದದ್ದು ರಕ್ತದ ಕತೆ, ಅದಕ್ಕೆ ಬೇರೆಯದೇ ಸಂಚಿಕೆ ಬೇಕು. ಇಲ್ಲಿ ನಮಗೆ ಬೇಕಾದದ್ದು ಆಮೇಲಿನದ್ದು. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ತೆಗೆದುಕೊಂಡಿತು. ಆದರೆ 1857ರಲ್ಲಿ ಕೊಡಗು ಕಂಪನಿಯ ವಿರುದ್ಧ ಏಳಲಿಲ್ಲ. ಅದಕ್ಕೆ ಮೆಚ್ಚಿ 1861ರ ಫೆಬ್ರವರಿಯಲ್ಲಿ ಮೈಸೂರು–ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್, ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ನೇ, ಕೊಡವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ಕೊಟ್ಟರು.

ಆ ವಿನಾಯಿತಿ ಇವತ್ತಿಗೂ ಇದೆ. 1959ರ ಆಯುಧ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯುತ್ತಾ ಬಂತು. ಜಮ್ಮಾ ಅಂದರೆ ರಾಜನಿಗೆ ಬೇಕಾದಾಗ ಕೋವಿ ಹಿಡಿದು ಬರ್ತೀವಿ ಅನ್ನೋ ಕರಾರಿನ ಮೇಲೆ ಸಿಕ್ಕ ಭೂಮಿ. 2019ರ ಅಕ್ಟೋಬರ್ 29ರ ಕೇಂದ್ರದ ಅಧಿಸೂಚನೆ ಇದನ್ನ 2029ರವರೆಗೆ ವಿಸ್ತರಿಸಿತು. ಜಾತಿ, ಭೂಮಿಯ ಆಧಾರದಲ್ಲಿ ವಿನಾಯಿತಿ ಸರಿಯಾ ಅಂತ ಪ್ರಶ್ನೆ ಎದ್ದು ಹೈಕೋರ್ಟಿಗೆ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನ ಎತ್ತಿಹಿಡಿಯಿತು.

ನಮ್ಮ ಹುಡುಗ ಕೇಳಿದ ಪ್ರಶ್ನೆಗೆ, ಅಂದರೆ ಆಯುಧವನ್ನ ಮನೆಯಲ್ಲೇ ತೊಳೆದು, ಒರೆಸಿ, ಅಂದ ಮಾಡೋ ವಿಷಯಕ್ಕೆ, ಕನ್ನಡ ನಾಡಿನ ಅತಿ ಹತ್ತಿರದ ಉತ್ತರ ಕೊಡಗಿನ ಕೈಲ್ ಪೊಳ್ದ್ ಹಬ್ಬ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತೆ. ಭತ್ತದ ನಾಟಿ ಮುಗಿದಿರುತ್ತೆ. ನಾಟಿಯ ದಿನಗಳಲ್ಲಿ ಮೂಲೆಗಿಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಹೊರಗೆ ಬರ್ತವೆ. ಒರೆಸಿ, ಎಣ್ಣೆ ಸವರಿ, ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ಹೂ ಮುಡಿಸ್ತಾರೆ. ಆಮೇಲೆ ಕಡಂಬುಟ್ಟು, ಪಂದಿಕರಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯೋ ಪಂದ್ಯ.

ಆ ಹೂವಿನ ಹೆಸರು ತೋಕ್ ಪೂ. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ. ಅಂದರೆ ಕೋವಿ ಹೂ. ಬೆಂಕಿಯ ನಾಲಗೆಯ ಹಾಗೆ ಮೇಲಕ್ಕೆ ಚಾಚಿದ ಕೆಂಪು–ಹಳದಿ ಎಸಳು. ನಮ್ಮ ಕಡೆ ಗೌರಿ ಹೂ, ಅಗ್ನಿಶಿಖೆ ಅಂತೀವಲ್ಲ, ಅದೇ. ತಮಿಳಿನಲ್ಲಿ ಸೆಂಗಾಂದಳ್. ನಾವು ಬಾಡಿಗೆಗೆ ಇರೋ ಈ ತಮಿಳುನಾಡಿನ ರಾಜ್ಯಪುಷ್ಪ. ಇಲ್ಲಿ ರಾಜ್ಯದ ಗುರುತಾದ ಹೂವೇ ಅಲ್ಲಿ ಮನೆಯ ಕೋವಿಯ ಒಡವೆ.

ಟಿಪ್ಪುವಿನ ಹುಲಿಪಟ್ಟೆಗೂ, ಕಂಪನಿಯ ಹೃದಯಕ್ಕೂ, ಈ ಹೂವಿಗೂ ಇರೋ ವ್ಯತ್ಯಾಸ ಗಮನಿಸಿ. ಮೊದಲ ಎರಡು ಉಕ್ಕಿನಲ್ಲಿ ಒತ್ತಿದ ಗುರುತು, ಅಳಿಸೋಕಾಗಲ್ಲ. ಹೂ ಸಂಜೆಗೆ ಬಾಡುತ್ತೆ. ವರ್ಷ ವರ್ಷ ಮನೆಯವರೇ ಮತ್ತೆ ಇಡಬೇಕು. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಗುಂಡು. ಅಲ್ಲಿ ಕೋವಿ ಮನೆಯ ಪಂಚಾಂಗದ ಭಾಗ. ಯಾರೂ ಅದನ್ನ ಹವ್ಯಾಸ ಅಂತ ಕರೆಯಲ್ಲ.

ಹಾಗಂತ ಇದನ್ನ ಬರೀ ಚಂದದ ಕತೆ ಮಾಡೋದೂ ಬೇಡ. ಬೇರೆಯವರಿಂದ ಕಿತ್ತುಕೊಂಡದ್ದನ್ನ ಒಬ್ಬರಿಗೆ ಮಾತ್ರ ನಿಷ್ಠೆಯ ಬಹುಮಾನವಾಗಿ ಉಳಿಸಿದ್ದು ಬ್ರಿಟಿಷ್ ಲೆಕ್ಕಾಚಾರ. ಆದರೆ ಆ ಲೆಕ್ಕಾಚಾರಕ್ಕೂ ಹಿಂದಿನಿಂದ ಇದ್ದ ಮನೆಯ ಪದ್ಧತಿ ಅದರ ಆಸರೆಯಲ್ಲಿ ಉಳಿದುಕೊಂಡಿತು. ಎರಡೂ ನಿಜ.

ಈಗಿನ ಕಾನೂನು: ಉಪ್ಪು ಕಾಗದ ಎಲ್ಲಿ ನಿಲ್ಲಬೇಕು

ಸರಿ, ಉಳಿದವರ ಮಾತೇನು? ತಾಂಬರಂನ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಉಪ್ಪು ತಾಳ್" ಅಂದರೆ ಉಪ್ಪು ಕಾಗದ ಕೊಡ್ತಾರೆ. ಎರಡೂ ಭಾಷೆಯಲ್ಲಿ ಉಪ್ಪೇ. ಹಳೇ ಕುರ್ಚಿಗೆ ಉಜ್ಜಿ, ಬೈಕಿನ ಟ್ಯಾಂಕಿಗೆ ಉಜ್ಜಿ. ಬಂದೂಕಿಗೆ ಉಜ್ಜೋ ಮುಂಚೆ ಮೂರು ಕಲಮು ತಿಳಿದಿರಲಿ.

1959ರ ಆಯುಧ ಕಾಯ್ದೆಯ 5ನೇ ಕಲಮು: ಪರವಾನಗಿ ಇಲ್ಲದೆ ಆಯುಧ ತಯಾರಿಸೋದು, ಮಾರೋದು ಅಷ್ಟೇ ಅಲ್ಲ, ಮಾರ್ಪಡಿಸೋದು, ದುರಸ್ತಿ ಮಾಡೋದೂ ನಿಷಿದ್ಧ. 6ನೇ ಕಲಮು: ನಳಿಗೆ ಕತ್ತರಿಸಿ ಗಿಡ್ಡ ಮಾಡುವಂತಿಲ್ಲ, ಆಟಿಕೆ ಅಥವಾ ನಕಲಿ ಪಿಸ್ತೂಲನ್ನ ಗುಂಡು ಹಾರೋ ಹಾಗೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ಅಪರಾಧಗಳಿಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ವಾರಾಂತ್ಯದ ಪ್ರಾಜೆಕ್ಟಿಗೆ ಜೀವಾವಧಿ. ವಿಡಿಯೋ ನೋಡಿ ಕೈ ತುರಿಸಿಕೊಳ್ಳೋ ಮುಂಚೆ ಈ ಸಾಲು ಇನ್ನೊಂದು ಸಲ ಓದಿ.

ಮೂರನೆಯದು 8ನೇ ಕಲಮು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಆಯುಧದ ಮೇಲೆ ಒತ್ತಿರೋ ಹೆಸರು, ನಂಬರು, ಗುರುತು ಯಾವುದನ್ನೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಅಂದರೆ ಹುಲಿಪಟ್ಟೆ, ಹೃದಯ, ಸಿಂಹ ಎಲ್ಲ ಹೋಗಿ ಈಗ ಆ ಜಾಗದಲ್ಲಿ ಒಂದು ನಂಬರು ಕೂತಿದೆ. ಎಣ್ಣೆ ಹಾಕಿ ಒರೆಸೋದು ನಿಮ್ಮ ಕೆಲಸ, ಮಾಡಲೇಬೇಕು. ಉಜ್ಜಿ ಹೊಸದು ಮಾಡೋಕೆ ಹೋಗಿ ಆ ನಂಬರು ಸವೆದರೆ ಮಾತ್ರ ಅಜ್ಜನ ಕಾಲದ ಕೋವಿಯೂ ಕಾನೂನಿನ ಕಣ್ಣಲ್ಲಿ ಅನುಮಾನದ ಮಾಲು.

ಇಲ್ಲಿ ಅಗ್ಗದ ಪಿಸ್ತೂಲು ಅನ್ನೋದೂ ಸಿಗಲ್ಲ. 9 ಮಿ.ಮೀ. ಸಾಮಾನ್ಯ ಜನರಿಗೆ ನಿಷಿದ್ಧ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳಿಗೆ ಅಂತ ತಂದ .32 ರಿವಾಲ್ವರ್ "ನಿರ್ಭೀಕ್" ಬೆಲೆ ಆಗಲೇ 1 ಲಕ್ಷ 22 ಸಾವಿರ ರೂಪಾಯಿ ದಾಟಿತ್ತು. ಗುರಿಯ ಆಸೆ ಇರೋರಿಗೆ ದಾರಿ ಇಲ್ಲವೇ ಇಲ್ಲ ಅಂತಲ್ಲ. 4.5 ಮಿ.ಮೀ. ಮೀರದ, 20 ಜೂಲ್ ಶಕ್ತಿ ದಾಟದ ಏರ್ ಪಿಸ್ತೂಲಿಗೆ 2016ರ ನಿಯಮಗಳಲ್ಲಿ ಪರವಾನಗಿ ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲೇ. ಅದರ ಹಿಡಿಗೆ ನಿಮ್ಮ ಕೈಗೆ ಒಪ್ಪೋ ಹಾಗೆ ಮರ ಕೆತ್ತಿಕೊಳ್ಳೋದು ಕ್ರೀಡೆಯವರು ಮಾಡೋ ಕೆಲಸ. ಅದಕ್ಕಿಂತ ಮುಂದೆ ಹೋಗಬೇಡಿ.

ಬಾಗಿಲ ಹಿಂದಿನ ಮೂಲೆ

ಈಗ ನಿಜವಾಗಿ ಹೇಳಬೇಕಾದ ಮಾತು. ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಪ್ಪನ ಹತ್ತಿರ ಒಂಟಿ ನಳಿಗೆಯ ಒಂದು ತೋಟಾ ಕೋವಿ ಇದೆ, ಬೆಳೆ ರಕ್ಷಣೆಯ ಪರವಾನಗಿಯದ್ದು. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಈಡು ಹೊಡೆಯೋದು ಬಹುತೇಕ ಗಾಳಿಗೆ, ಸದ್ದಿಗೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಟ್ಟು ರಸೀದಿ ತರಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅಪ್ಪನಿಗೆ ಈಗ 71. ಮಳೆಗಾಲದ ತೇವಕ್ಕೆ ತಿಂಗಳಿಗೊಮ್ಮೆ ಎಣ್ಣೆ ಬಟ್ಟೆ ಆಡಿಸೋದು ಅವರೇ. ಆ ನಳಿಗೆಯ ಕಂದುಬಣ್ಣ ಯಾವ ಗ್ಯಾರೇಜಿನದ್ದೂ ಅಲ್ಲ. ನಲವತ್ತು ಮಳೆಗಾಲದ ಎಣ್ಣೆಯದ್ದು.

ಅಪ್ಪನ ನಂತರ ಏನು? ಇದು ನನ್ನೊಬ್ಬನ ಪ್ರಶ್ನೆ ಅಲ್ಲ. ತಾಂಬರಂ, ಸಿರುಸೇರಿ, ಬೆಂಗಳೂರು, ಪುಣೆ, ಡಲ್ಲಾಸಿನಲ್ಲಿರೋ ಎಷ್ಟೋ ಮಕ್ಕಳ ಪ್ರಶ್ನೆ. ಬೆಳೆ ರಕ್ಷಣೆಯ ಪರವಾನಗಿ ಆ ಜಮೀನಿನ ಪ್ರದೇಶಕ್ಕೆ ಕಟ್ಟಿದ್ದು. ಫ್ಲಾಟಿಗೆ ತಂದು ಗೋಡೆಗೆ ತೂಗುಹಾಕೋ ಮಾತೇ ಇಲ್ಲ. ಪರವಾನಗಿದಾರ ತೀರಿಕೊಂಡ ಮೇಲೆ ಕೋವಿ ಮನೆಯಲ್ಲಿ ಸುಮ್ಮನೆ ಉಳಿದರೆ ಅದು ಅಕ್ರಮ. ಠಾಣೆಯಲ್ಲೋ ಪರವಾನಗಿ ಇರೋ ಅಂಗಡಿಯಲ್ಲೋ ಇಟ್ಟು, ವಾರಸುದಾರ ಅರ್ಜಿ ಹಾಕಬೇಕು. ಸೂತಕದ ಮನೆಯಲ್ಲಿ ಇದನ್ನ ಯಾರು ನೆನಪಿಟ್ಟುಕೊಳ್ತಾರೆ? ಮೂರು ವರ್ಷ ಬಿಟ್ಟು ಅಟ್ಟ ಗುಡಿಸುವಾಗ ಸಿಗುತ್ತೆ. ಆಗ ಅದು ನೆನಪಿನ ವಸ್ತು ಅಲ್ಲ, ಕೇಸು.

2016ರ ನಿಯಮಗಳಲ್ಲಿ ಇದಕ್ಕೊಂದು ದಾರಿ ಇದೆ. ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ 25 ವರ್ಷ ಅವರ ಹತ್ತಿರ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಬೇಡ ಅನ್ನಿಸಿದರೆ ಪರವಾನಗಿ ಇರೋ ವ್ಯಾಪಾರಿಗೆ ಕ್ರಮವಾಗಿ ಕೊಟ್ಟು ಮುಗಿಸಬಹುದು. ಯಾವುದಾದರೂ ಸರಿ, ಅಪ್ಪ ಅಥವಾ ಅಮ್ಮ ಜೊತೆಗೆ ಕೂತು ಸಹಿ ಹಾಕೋ ಹಾಗಿರುವಾಗ ಆಗಬೇಕು.

ಹಾಗಾಗಿ ಈ ಸಲ ದಸರಾಕ್ಕೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಪರವಾನಗಿ ಪುಸ್ತಕ ತೆಗೆಸಿ. ಅವಧಿ ಎಂದಿಗೆ ಮುಗಿಯುತ್ತೆ ನೋಡಿ. 2019ರ ತಿದ್ದುಪಡಿಯಲ್ಲಿ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ರಾಷ್ಟ್ರೀಯ ದಾಖಲೆಯ ಗುರುತಿನ ಸಂಖ್ಯೆ ಇದೆಯಾ ನೋಡಿ. ಪುಸ್ತಕದಲ್ಲಿರೋ ನಂಬರೂ ಕೋವಿಯ ಮೇಲಿನ ನಂಬರೂ ಒಂದೇನಾ ಹೋಲಿಸಿ. ಕೋವಿ ಖಾಲಿ ಇದೆ ಅಂತ ಅಪ್ಪನ ಕೈಯಿಂದಲೇ ಖಚಿತಪಡಿಸಿಕೊಂಡ ಮೇಲೆ ಮಾತ್ರ ಇದೆಲ್ಲ. ಮುದ್ರೆಗಳ ಫೋಟೋ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಇಂಟರ್ನೆಟ್ಟಿಗೆ ಹಾಕಬೇಡಿ. ಆಮೇಲೆ ಕೇಳಿ: ಇದನ್ನ ಎಲ್ಲಿ ತಂದದ್ದು, ಯಾರು ತಂದದ್ದು, ಎಷ್ಟು ಕೊಟ್ಟದ್ದು, ಮೊದಲ ಈಡು ಯಾವ ಹಂದಿಗೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಶ್ರೀರಂಗಪಟ್ಟಣದ ಕೋವಿಗಳ ಬಗ್ಗೆ ಇವತ್ತು ಇಷ್ಟಾದರೂ ಹೇಳೋಕಾಗೋದು ಯಾಕೆ? ಯಾರೋ ನಳಿಗೆಯ ಮೇಲೆ ಊರು, ಹೆಸರು, ವರ್ಷ ಬರೆದಿದ್ದರು. ನಮ್ಮ ಮಲೆನಾಡಿನ ಕೋವಿಗಳ ಮೇಲೆ ನಂಬರು ಮಾತ್ರ ಇದೆ, ಕತೆ ಅಪ್ಪಂದಿರ ಬಾಯಲ್ಲಿದೆ. ಪರವಾನಗಿ ಮುಗಿದು ಠಾಣೆಗೆ ಸೇರಿದ ಕೋವಿ ವಾಪಸು ಬರದೇ ಹೋದರೂ ತಲೆ ಹೋಗಲ್ಲ. ಅದು ಯಾವ ಮನೆಯದ್ದು, ಯಾವ ತೋಟ ಕಾಯ್ದದ್ದು ಅನ್ನೋದು ಮಾತ್ರ ಒಮ್ಮೆ ಹೋದರೆ ಯಾವ ದಾಖಲೆಯಲ್ಲೂ ಸಿಗಲ್ಲ.

ಮುಂದಿನ ಸಂಚಿಕೆಯಲ್ಲಿ ನಗರದ ಕೋಟೆ ಮತ್ತು ಕೆಳದಿಯವರ ರಸ್ತೆಗಳ ಬಗ್ಗೆ ಮಾತಾಡೋಣ.